ಮೂರು ಎಣಿಸೋತನ ಸುಮ್ಮನಿರ್ರಿ

ಕ್ಯಾಮೆರಾ ಮುಂದೆ ಕೂತ ಮನುಷ್ಯ ಮೂರು ಎಣಿಸುವಷ್ಟು ಹೊತ್ತು ತಾನಿದ್ದಂತೆಯೇ ಇದ್ದುಬಿಟ್ಟರೆ ಫೋಟೋ ತೆಗೆಯುವವನ ಮುಕ್ಕಾಲು ಕೆಲಸ ಮುಗಿದ ಹಾಗೆ. ಆದೋನಿಯಲ್ಲಿ ನಾನು ಸ್ಟುಡಿಯೋ ಇಟ್ಟುಕೊಂಡಿದ್ದ ಅಷ್ಟೂ ವರ್ಷಗಳಲ್ಲಿ ಹಾಗೆ ಇದ್ದವರು ಬಹಳ ಕಡಿಮೆ. ಉಳಿದವರೆಲ್ಲ ಏನಾದರೊಂದು ಪ್ರಸಂಗ ಮಾಡಿಯೇ ಹೋದರು. ನಾನೂ ಅವರ ಲೆಕ್ಕಕ್ಕೇ ಸೇರಿದವನೆಂದು ನನಗೆ ತಡವಾಗಿ ಗೊತ್ತಾಯಿತು.

ಕುರ್ಚಿಯವರು

ಇಬ್ಬರು ಹತ್ತಿ ವ್ಯಾಪಾರಿಗಳು ಪಾಲಿನಲ್ಲಿ ಒಂದು ಜಿನ್ನಿಂಗ್ ಫ್ಯಾಕ್ಟರಿ ಹಾಕಿದ್ದರು. ಆಫೀಸಿನ ಗೋಡೆಗೆ ತೂಗುಹಾಕಲು ಇಬ್ಬರದೂ ಕೂಡಿ ಒಂದು ಫೋಟೋ ಬೇಕಾಗಿತ್ತು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಬೆತ್ತ. ನನ್ನ ಹತ್ತಿರ ಇದ್ದದ್ದು ಕೆತ್ತನೆ ಕೆಲಸದ ಒಂದೇ ಒಂದು ಕುರ್ಚಿ.

"ನೀವು ಕೂಡ್ರಿ, ದೊಡ್ಡೋರು" ಎಂದರು ಕಿರಿಯ ಪಾಲುದಾರರು.

"ಛೆ ಛೆ, ನೀವು ಕೂಡ್ರಿ" ಎಂದರು ಹಿರಿಯರು.

ಈ ಮಾತನ್ನು ನಾನು ನಿಜವೆಂದು ನಂಬಿದ್ದೇ ತಪ್ಪಾಯಿತು. ಹಿರಿಯರನ್ನು ಕೂಡಿಸಿದೆ, ಕಿರಿಯರ ಮುಖ ಬಾಡಿಹೋಯಿತು. ಕಿರಿಯರನ್ನು ಕೂಡಿಸಿದೆ. ಹಿರಿಯರು, "ಆತು ಬಿಡ್ರಿ, ನಾ ನಿಂತ್ಕೊಂತೀನಿ. ನೋಡಿದೋರು ನನಗ ಗುಮಾಸ್ತ ಅಂತಾರ. ಅನ್ಲಿ" ಎಂದರು. ನನ್ನ ಸ್ಟುಡಿಯೋದ ಬೆಳಕು ಮಾಳಿಗೆಗೆ ಹಾಕಿಸಿದ ಗಾಜಿನಿಂದ ಬರುತ್ತಿತ್ತು. ಬಿಸಿಲು ಸರಿಯುತ್ತಾ ಬಂದಿತ್ತು. ಕೊನೆಗೆ ಇಬ್ಬರೂ ನಿಂತರು. ಇನ್ನೊಬ್ಬರು ಎಲ್ಲಿ ಕೂತುಬಿಟ್ಟಾರೋ ಎಂದು ಇಬ್ಬರೂ ಕುರ್ಚಿಯ ಒಂದೊಂದು ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ನಡುವೆ ಖಾಲಿ ಕುರ್ಚಿ. ಹಾಗೆಯೇ ತೆಗೆದೆ.

ತಿಂಗಳಾದ ಮೇಲೆ ಹಿರಿಯರು ಏದುಸಿರು ಬಿಡುತ್ತಾ ಬಂದರು.

"ಏನ್ ಫೋಟೋ ತೆಗದೀಯಪ್ಪಾ! ನಿನ್ನೆ ಹತ್ತಿ ಹಾಕಾಕ ಬಂದ ರೈತ ಒಬ್ಬ ಫೋಟೋಕ್ಕ ಹೂವಿನ ಹಾರ ಹಾಕಿ, ಕೈ ಮುಗದು, ಚೊಲೊ ಮನುಷ್ಯಾರಿದ್ರು ಅಂತ ಕಣ್ಣು ಒರಸ್ಕೊಂಡ. ನಾವಿಬ್ರೂ ಅವನ ಎದುರಿಗೇ ಕುಂತೀವಿ!"

"ಮತ್ತ ಯಾರಿಗಂತ ಹಾಕಿದ?"

"ಅದನ್ನೇ ಕೇಳಿದೆ. 'ಇನ್ಯಾರಿಗೆ ರೀ, ಆ ಖಾಲಿ ಕುರ್ಚಿಯೋರಿಗೆ' ಅಂದ."

ಈ ದೇಹ ನಾನಲ್ಲ

ನಂದವರಂ ಕಡೆಯಿಂದ ಒಬ್ಬ ಆಚಾರ್ಯರು ಪ್ರವಚನಕ್ಕೆ ಬಂದಿದ್ದರು. 'ನಾನು' ಎಂಬುದನ್ನು ಬಿಡುವುದು ಹೇಗೆ ಎಂದು ಏಳು ದಿನ ಹೇಳಿದರು. ನಾನೂ ಎರಡು ದಿನ ಹೋಗಿ ಕೇಳಿದೆ, ಚೆನ್ನಾಗಿತ್ತು. ಎಂಟನೆಯ ದಿನ ಶಿಷ್ಯರು ಅವರನ್ನು ಸ್ಟುಡಿಯೋಕ್ಕೆ ಕರೆತಂದರು.

"ನನಗ ಇದೆಲ್ಲ ಬೇಕಾಗಿದ್ದಿಲ್ಲಪ್ಪ. ಈ ದೇಹ ನಾನಲ್ಲ. ಇದರ ಫೋಟೋ ತಗೊಂಡು ಏನು ಮಾಡೋದದ? ಇವರು ಬಿಡಲಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಹಣಿ ಮ್ಯಾಲಿನ ಅಂಗಾರದ ಗೆರಿ ನೆಟ್ಟಗದ ಏನು ನೋಡು" ಎಂದರು. ನೆಟ್ಟಗಿದೆ ಎಂದೆ. ಶಾಲು ಎಡಕ್ಕೆ ಸರಿಸಿ ಕೇಳಿದರು. ಬಲಕ್ಕೆ ಸರಿಸಿ ಕೇಳಿದರು. ಹೊಟ್ಟೆ ಒಳಗೆ ಎಳೆದುಕೊಂಡು, "ಹೂಂ, ಜಲ್ದಿ ತೆಗಿ" ಎಂದರು. ಆ ಹೊಟ್ಟೆ ನಾನು 'ಎರಡು' ಅನ್ನುವವರೆಗೂ ತಡೆಯಿತು. 'ಮೂರು' ಅನ್ನುವಾಗ ತನ್ನ ಜಾಗಕ್ಕೆ ತಾನು ಬಂದುಬಿಟ್ಟಿತು.

ನಾಲ್ಕು ದಿನಕ್ಕೆ ಪ್ರಿಂಟು ಕೈಗೆ ಕೊಟ್ಟೆ. ಆಚಾರ್ಯರು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಇದು ನಾನಲ್ಲ!" ಎಂದರು ಸಿಟ್ಟಿನಿಂದ.

"ಸ್ವಾಮಿ, ನಾ ತೆಗೆಯೋಕಿಂತ ಮೊದಲೇ ನೀವು ಅದನ್ನ ಹೇಳಿದ್ರಿ" ಎಂದೆ.

ಶಿಷ್ಯರು ನೆಲ ನೋಡತೊಡಗಿದರು. ಆಚಾರ್ಯರು ಮಾತ್ರ ಆ ಹೊಟ್ಟೆ ಕುಣಿಯುವ ಹಾಗೆ ನಕ್ಕುಬಿಟ್ಟರು. "ಏಳು ದಿನ ನಾನು ಹೇಳಿದ್ದನ್ನ ಒಬ್ಬನಾದರೂ ಕೇಳಿಸ್ಕೊಂಡಾನ. ಇನ್ನೊಂದು ಪ್ರತಿ ಹಾಕು. ಆದರ ಅದರಾಗ ಹೊಟ್ಟಿ ಸ್ವಲ್ಪ ಕಡಿಮಿ ಮಾಡು."

ಗೌಡರು ಕಂಡ ಕಲೆಕ್ಟರು

ಪೆದ್ದಹರಿವಾಣದ ದೊಡ್ಡ ಗೌಡರೊಬ್ಬರಿಗೆ ನನ್ನ ಕ್ಯಾಮೆರಾಕ್ಕೆ ಹೊದಿಸಿದ ಕಪ್ಪು ಬಟ್ಟೆಯ ಮೇಲೆ ಕಣ್ಣು. ನಾನು ಅದರೊಳಗೆ ತಲೆ ತೂರಿಸಿ ಏನು ನೋಡುತ್ತೇನೆಂಬ ಕುತೂಹಲಕ್ಕೆ ಅವರು ಕೂತಲ್ಲಿ ಕೂಡುತ್ತಿರಲಿಲ್ಲ. ಕೊನೆಗೆ, "ಏ, ನಾನೂ ನೋಡಬೇಕು, ಆ ಕಡೆ ಸರಿ" ಎಂದು ಎದ್ದರು. ತಮ್ಮ ಜಾಗದಲ್ಲಿ ತಮ್ಮ ಕಾರಭಾರಿಯನ್ನು ಕೂಡಿಸಿ, ರುಮಾಲು ತೆಗೆದಿಟ್ಟು, ಬಟ್ಟೆಯೊಳಗೆ ಹೊಕ್ಕರು.

ಒಳಗಿನಿಂದ ಧ್ವನಿ ಬಂತು. "ಅಯ್ಯೋ ದೇವುಡಾ! ಇವ ತಲೆಕೆಳಗಾಗಿ ಕುಂತಾನಲ್ಲೋ!"

ಆ ಕ್ಯಾಮೆರಾದ ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿಯೇ ಕಾಣುವುದು ಎಂದು ಬಿಡಿಸಿ ಹೇಳಿದೆ. ಗೌಡರು ಹೊಟ್ಟೆ ಹಿಡಿದು ನಗುತ್ತಾ ಹೊರಗೆ ಬಂದರು. ಬಂದ ಮೇಲೆ ನಗು ನಿಂತಿತು.

"ತಡಿ. ನಾ ಕುಂತ್ರ ನಾನೂ ಹಂಗ ಕಾಣ್ತೀನೇನು?"

"ಹೌದ್ರಿ."

"ನನ್ನ ಮೀಸಿ?"

"ಅದೂ ಕೆಳಮುಖಾನೇ ರೀ."

ಗೌಡರು ರುಮಾಲು ಸುತ್ತಿಕೊಂಡು ಬಾಗಿಲ ಕಡೆ ನಡೆದರು. ಹೊಸ್ತಿಲ ಮೇಲೆ ನಿಂತು ತಿರುಗಿ ಕೇಳಿದರು. "ಹೋದ ತಿಂಗಳು ಕ್ಯಾಂಪಿಗೆ ಬಂದಿದ್ದ ಕಲೆಕ್ಟರ್ ದೊರೆದೂ ನೀನೇ ತೆಗದಿ, ಅಲ್ಲೇನು?"

"ನಾನೇ ರೀ."

"ದೊರೆ ಹೆಂಗ ಕಂಡ್ರು?"

"ಬೂಟು ಮ್ಯಾಲೆ, ಟೋಪಿ ಕೆಳಗ ರೀ."

ಗೌಡರು ಕಣ್ಣು ಮುಚ್ಚಿ ಅದನ್ನು ಊಹಿಸಿಕೊಂಡರು. ಮೀಸೆಯ ಕೆಳಗೆ ನಗು ಸುರುವಾಯಿತು. ತಾವಾಗಿಯೇ ಬಂದು ಕೂತರು. ಅವರು ಹಾಗೆ ನಗುತ್ತಿರುವಾಗಲೇ ತೆಗೆದೆ. ಗೌಡರ ಮನೆತನದಲ್ಲಿ ನಕ್ಕ ಫೋಟೋ ಅದೊಂದೇ ಅಂತೆ. ಮುಂದೆ ಸಿಕ್ಕಾಗ ಅವರು ಹೇಳಿದರು: "ನಿನ್ನಿಂದ ಕೆಟ್ಟೆನಪಾ. ಮೊದಲೆಲ್ಲ ಕಲೆಕ್ಟರ್ ಮುಂದ ನಿಂತ್ರ ಕಾಲು ನಡಗ್ತಿದ್ವು. ಈಗ ಅರ್ಜಿ ಓದೋದು ಬಿಟ್ಟು ಅವರ ಬೂಟು ನೋಡ್ತೀನಿ, ನಗು ತಡಿಯಾಕ ಆಗೂದಿಲ್ಲ."

ಮದ್ದಿಕೇರದ ಅವ್ವ

ಯುದ್ಧ ನಡೆದಿತ್ತು. ಮದ್ದಿಕೇರದ ಒಬ್ಬ ಮುದುಕಿಯ ಚಿಕ್ಕ ಮಗ ಮಿಲಿಟರಿ ಸೇರಿ ಎಲ್ಲೋ ದೂರದಲ್ಲಿದ್ದ. 'ಅವ್ವನ ಫೋಟೋ ಕಳಿಸ್ರಿ, ಮುಖ ಮರ್ತಂಗಾಗ್ಯದ' ಎಂದು ಕಾಗದ ಬರೆದಿದ್ದ. ಆ ಫೋಟೋ ಅವನಿಗೆ ಮುಟ್ಟಿತು, ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ, ಗಟ್ಟಿಮುಟ್ಟಾಗಿ ಊರಿಗೂ ಬಂದ. ಆದರೆ ಅದನ್ನು ತೆಗೆದ ಬಗೆಯನ್ನು ನಾನು ಈತನಕ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ದೊಡ್ಡ ಮಗ ಬಂಡಿ ಕಳಿಸಿ ನನ್ನನ್ನು ಕರೆಸಿದ್ದ. ಆಗ ಫೋಟೋ ಮೂಡುವ ಗಾಜಿನ ಪ್ಲೇಟು ಮದ್ರಾಸಿನಿಂದ ಬರುವುದೇ ಕಷ್ಟ, ನನ್ನಲ್ಲಿದ್ದವು ಎರಡೇ. ಅವ್ವ ನೋಡಿದರೆ ಕೂತಲ್ಲಿ ಕೂಡುವವಳಲ್ಲ. ಕೋಳಿ ಬಂದರೆ ಹುಶ್ ಅಂತಾಳೆ, ಎಮ್ಮೆ ಕೂಗಿದರೆ ಓಗೊಡುತ್ತಾಳೆ, ನಡುನಡುವೆ ನನ್ನ ಕ್ಯಾಮೆರಾವನ್ನು ಬಗ್ಗಿ ಬಗ್ಗಿ ನೋಡುತ್ತಾಳೆ. "ಮುಂದಿರೋ ಕರೀ ಮುಚ್ಚಳ ಯಾಕಪ್ಪಾ?" ಎಂದಳು. "ಅದು ಅದರ ಕಣ್ಣವ್ವಾ. ಮುಚ್ಚಳ ತೆಗೆದ್ರ ನಿನ್ನ ನೋಡ್ತೈತಿ, ಮುಚ್ಚಿದ್ರ ಮುಗೀತು" ಎಂದೆ. ಮೊದಲನೆಯ ಪ್ಲೇಟಿನಲ್ಲಿ ಎಣಿಕೆಯ ನಡುವೆಯೇ ಎದ್ದು ಕೋಳಿ ಅಟ್ಟಿದಳು. ಅದು ಹಾಳಾಯಿತು.

ಉಳಿದದ್ದು ಒಂದು. ಕೋಳಿ ಕಟ್ಟಿಸಿದೆ, ಮಕ್ಕಳನ್ನು ಹೊರಗೆ ಕಳಿಸಿದೆ, ಸೊಸೆಯರನ್ನು ಗದರಿಸಿದೆ. ಅವ್ವ ಕಟ್ಟೆಯ ಮೇಲೆ ಕೂತಳು. ಆಗ ಎಲ್ಲಿಂದಲೋ ಬಿಸಿಲು ಬಂದು ಅವಳ ಮುಖದ ಒಂದೊಂದು ಸುಕ್ಕನ್ನೂ ಬೆಳಗಿತು. ಇಂಥ ಮುಖ ಜನ್ಮಕ್ಕೊಂದೇ ಸಿಗುವುದು. ಇದು ಮದ್ರಾಸಿನ ಎಕ್ಸಿಬಿಷನ್ನಿಗೆ ಹೋಗುತ್ತದೆ. ಕೆಳಗೆ ನನ್ನ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಗವರ್ನರು ಬಂದು ಕೈ ಕುಲುಕುತ್ತಾರೆ. ಆಗ ಯಾವ ಕೋಟು ಹಾಕಿಕೊಳ್ಳಲಿ?

"ಒಂದು..." ಎಂದೆ ಗಂಭೀರವಾಗಿ. ಮನೆಯವರೆಲ್ಲ ಉಸಿರು ಹಿಡಿದರು. "ಎರಡು..." ಅವ್ವ ರೆಪ್ಪೆ ಮಿಟುಕಿಸಲಿಲ್ಲ. "ಮೂರು!" ಎಂದು ಕೈಯನ್ನು ಗಾಳಿಯಲ್ಲಿ ಬೀಸಿ, "ಇದು ನೋಡ್ರಿ ಫೋಟೋ ಅಂದ್ರ!" ಎಂದೆ. ದೊಡ್ಡ ಮಗ ನನಗೆ ಕೈ ಮುಗಿದ.

ಅವ್ವ ಮಾತ್ರ ಕುತ್ತಿಗೆ ಚಾಚಿ ಕ್ಯಾಮೆರಾ ನೋಡುತ್ತಿದ್ದಳು.

"ತಮ್ಮಾ, ಮುಚ್ಚಳ ತೆಗೀಲೇ ಇಲ್ಲಲ್ಲೋ?"

ನೋಡಿದೆ. ಮುಚ್ಚಳ ಇದ್ದಲ್ಲೇ ಇತ್ತು. ಪ್ಲೇಟೇನೋ ಉಳಿದಿತ್ತು, ನನ್ನ ಮರ್ಯಾದೆ ಉಳಿಯಲಿಲ್ಲ. ಸೊಸೆಯರು ಸೆರಗು ಬಾಯಿಗೆ ಹಿಡಿದರು.

"ನಾ ಇಲ್ಲೇ ಕುಂತೀನಿ. ನಿನ್ನ ಡಬ್ಬಿನೂ ಇಲ್ಲೇ ಐತಿ. ನೀ ಎಲ್ಲಿಗೆ ಹೋಗಿದ್ದೆಪ್ಪಾ?" ಎಂದಳು. ಬೈಗುಳವಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮದ್ರಾಸಿಗೆ ಹೋಗಿದ್ದೆನವ್ವಾ" ಎಂದೆ.

"ಅಷ್ಟು ದೂರ ಏನು!" ಎಂದು ಅವ್ವ ಮೊಣಕಾಲು ಹಿಡಿದು ಎದ್ದಳು. "ಹಂಗಾದ್ರ ನೀ ಅಲ್ಲಿಂದ ವಾಪಸ್ ಬರೋದ್ರಾಗ ನಾ ಎಮ್ಮಿ ಹಿಂಡ್ಕೊಂಡು ಬರ್ತೀನಿ."