ವಿಭೂತಿ ಹಚ್ಚಿದ ಕೂಲರ್

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ಕೆಲವರು ಚುರುಕು ಎನ್ನುತ್ತಾರೆ, ನನ್ನ ಗಂಡ ಬೇರೆ ಏನೋ ಎನ್ನುತ್ತಾರೆ. ಕಣ್ಣೆದುರಿಗೆ ಒಂದು ವಸ್ತು ಓರೆಯಾಗಿ ಬಿದ್ದಿದ್ದರೆ ಸಾಕು, ನನ್ನ ಕೈ ತುರಿಸತೊಡಗುತ್ತದೆ. ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಮಾತಾಡುತ್ತ ಮಾತಾಡುತ್ತ ಅವರ ಟೀಪಾಯಿಯ ಮೇಲಿನ ಪೇಪರುಗಳನ್ನೆಲ್ಲ ಜೋಡಿಸಿಯೇ ಏಳುತ್ತೇನೆ. ಕುರುಗೋಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಮ್ಮೆ ಬಾದನಹಟ್ಟಿಗೆ ಹೊರಟಿದ್ದ ಅಜ್ಜಿಯೊಬ್ಬರ ಕೈಚೀಲ ಅಡ್ಡಾದಿಡ್ಡಿ ತುಂಬಿತ್ತೆಂದು ತಡೆಯಲಾರದೆ, ಒಳಗಿನದನ್ನೆಲ್ಲ ತೆಗೆದು ನೀಟಾಗಿ ತುಂಬಿಕೊಡಲು ಹೋದೆ. ಅಜ್ಜಿ ಕಂಡಕ್ಟರನ್ನು ಕೂಗಿದರು. ನಮ್ಮ ಹೆಡ್‌ಮಾಸ್ತರು ತಮ್ಮ ಟೇಬಲ್ಲಿನ ಡ್ರಾಯರಿಗೆ ಬೀಗ ಹಾಕಿಸಿದ್ದೂ ಕಳ್ಳರ ಭಯದಿಂದ ಅಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಿದೆ.

ಇಂಥವಳಿಗೆ ಹಬ್ಬ ಮುಗಿದ ಮೇಲಿನ ಮನೆ ಎಂದರೆ ಏನೆಂದು ನೀವೇ ಊಹಿಸಿಕೊಳ್ಳಿ. ದಸರೆಯ ದಿನ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಮನೆಗೆ ಬಂದವರೆಲ್ಲ ಕೊಟ್ಟ ಎಲೆಗಳು ಒಣಗಿ ಫ್ರಿಜ್ಜಿನ ಮೇಲೆ, ಟಿವಿಯ ಹಿಂದೆ, ಕೊನೆಗೆ ನನ್ನ ಉತ್ತರಪತ್ರಿಕೆಗಳ ಕಟ್ಟಿನೊಳಗೂ ಸೇರಿದ್ದವು. ಗುಡಿಸಿ ಚೆಲ್ಲುವಂತಿಲ್ಲ, ಬಂಗಾರ! ಅದರ ಮೇಲೆ ದೀಪಾವಳಿ ಬಂದು ಹೋಯಿತು. ಎಣ್ಣೆ ಕುಡಿದ ಹಣತೆಗಳು, ಖಾಲಿ ಮಿಠಾಯಿ ಡಬ್ಬಿಗಳು, ಗಂಟು ಬಿದ್ದ ಸೀರಿಯಲ್ ಲೈಟಿನ ಸರ. ಇವನ್ನೆಲ್ಲ ನಾನು ಒಂದೇ ಭಾನುವಾರದಲ್ಲಿ ಬಗೆಹರಿಸಿದೆ. ಹುರುಪಿನಲ್ಲಿ ಹೊಸ ಪಟಾಕಿಯ ಡಬ್ಬಿಯೊಂದನ್ನೂ ಕಸದ ಗಾಡಿಗೆ ಹಾಕಿಬಿಟ್ಟೆನಂತೆ. ಆಗಲಿ, ಸದ್ದು ಕಡಿಮೆಯಾಯಿತು. ನನ್ನ ಕೈಗೆ ಸಿಗದೆ ಉಳಿದದ್ದು ಕೆಳಗಿನ ಕೋಣೆ ಒಂದೇ.

ಪಾರ್ವತಿನಗರದ ನಮ್ಮ ಮನೆಯಲ್ಲಿ ಮಲಗುವುದು, ಏಳುವುದು ಎಲ್ಲ ಮಹಡಿಯ ಮೇಲೆ. ಕೆಳಗೆ ಅಡುಗೆಮನೆ, ಪಡಸಾಲೆ, ಪಕ್ಕದಲ್ಲಿ ಈ ಕೋಣೆ. ಹೆಸರಿಗೆ ಅದು ಕೋಣೆ; ಒಳಗೆ ಇದ್ದದ್ದು ನನ್ನ ಗಂಡನ ಸಂಸಾರ. ಗಾಳಿ ಕೊಡದೆ ಬರೀ ಗೊರಗೊರ ಸದ್ದು ಮಾಡಿ ಸತ್ತ ಏರ್ ಕೂಲರ್, ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಒಂದು ಲೂನಾ, ಇಸ್ತ್ರಿಪೆಟ್ಟಿಗೆಗಳು. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ನಡೆಸುವ ಈ ಮನುಷ್ಯ, ಅಂಗಡಿಯಲ್ಲಿ ಒಂದು ಚೀಲ ಹಳೆಯದಾದರೂ ಸಹಿಸುವುದಿಲ್ಲ. ಮನೆಯಲ್ಲಿ ಮಾತ್ರ ಏನು ಕೆಟ್ಟರೂ ಈ ಕೋಣೆಗೆ ತಂದು ಸೇರಿಸಿ, ಮೇಲೊಂದು ಗೋಣಿತಾಟು ಹೊದಿಸುತ್ತಾರೆ.

ನಾನು ಬಿಡುವವಳಲ್ಲ. ದಸರೆಗೆ ಮೊದಲೇ ಕೇಳಿದೆ. "ಆಯುಧ ಪೂಜಿ ಬಂತಲ್ಲ, ಅದೊಂದು ಆಗಲಿ" ಎಂದರು. ಆಯಿತು. ಓಡುವ ಸ್ಕೂಟರಿಗೆ ಒಂದು ಹಾರ, ಓಡದ ಲೂನಾಕ್ಕೂ ಒಂದು ಹಾರ. ಕೂಲರಿನ ಹಣೆಗೆ, ಅದಕ್ಕೆ ಹಣೆ ಎಲ್ಲಿದೆಯೋ ಅಲ್ಲಿಗೆ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮರುದಿನ ಮತ್ತೆ ಕೇಳಿದೆ. "ನಿನ್ನೆ ಪೂಜಿ ಮಾಡಿದ್ದನ್ನ ಇವತ್ತು ಗುಜರಿಗೆ ಹಾಕ್ತಾರೇನಲೇ? ಒಂದು ಕಾಲಕ್ಕ ನಮಗ ದುಡದಾವು ಅವು" ಎಂದರು. ದೀಪಾವಳಿಯ ಹೊತ್ತಿಗೆ ಕೇಳಿದರೆ, "ಲಕ್ಷ್ಮಿ ಒಳಗ ಬರೋ ಹೊತ್ತಿನಾಗ ಸಾಮಾನು ಹೊರಗ ಹಾಕಬಾರದು." ಅದು ಮುಗಿದ ಮೇಲೆ ಕಾರ್ತಿಕ. ಈ ಮನುಷ್ಯನ ಪಂಚಾಂಗದಲ್ಲಿ ಮದುವೆಗೆ, ಮುಂಜಿಗೆ, ಗೃಹಪ್ರವೇಶಕ್ಕೆ ಎಲ್ಲಕ್ಕೂ ಮುಹೂರ್ತವಿದೆ. ಗುಜರಿಗೆ ಮಾತ್ರ ಇಲ್ಲ.

ಬರೀ ನನ್ನ ಕೈಯ ತುರಿಕೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಈ ಸಲ ನಿಜವಾಗಿ ಕೋಣೆ ಬೇಕಾಗಿತ್ತು. ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ಭಾವನ ಮನೆಯಲ್ಲಿರುವ ನಮ್ಮ ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಬಳ್ಳಾರಿಯ ದವಾಖಾನೆಗೆ ಮೇಲಿಂದ ಮೇಲೆ ಬಂದು ಕಾಲಿನ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಹಾಗೇ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಕರೂರಿನಿಂದ ಪ್ರತಿ ಸಲ ಬಂದು ಹೋಗುವುದು ಆಗದ ಮಾತು, ನಮ್ಮ ಮನೆಯ ಮಹಡಿ ಹತ್ತುವುದು ಅದಕ್ಕಿಂತ ಆಗದ ಮಾತು. ಅತ್ತೆಗೆ ಆ ಕೋಣೆ ಬಿಟ್ಟರೆ ಗತಿಯಿರಲಿಲ್ಲ. "ಕಾರ್ತಿಕ ಮುಗೀಲಿ, ಆಮ್ಯಾಲ ಕರ್ಕೊಂಡ್ ಬರೂಣು" ಎಂದು ಮಗರಾಯರು ಅವ್ವನ ಕಾಲಿಗೂ ಮುಹೂರ್ತ ನೋಡತೊಡಗಿದಾಗ ನನಗೆ ತಲೆ ಕೆಟ್ಟಿತು.

ಅವರು ಸಿರುಗುಪ್ಪಕ್ಕೆ ಹೋದ ಮೇಲೆ, ನಾನು ರಜೆ ಹಾಕಿ ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕರೆದೆ. ಖುಷಿಯಿಂದ ಒಳಗೆ ಬಂದವನು ಗೋಣಿತಾಟು ಸರಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಇದು ಪೂಜಿ ಮಾಡಿದ್ದಲ್ರೀ ಅಕ್ಕಾರ?"

"ಹೌದಪ್ಪ, ಅದಕ್ಕೇನೀಗ?"

"ಇಂಥಾವು ಬ್ಯಾಡ್ರೀ ನನಗ. ಮನ್ಯಾಗ ಅಣ್ಣಾರು ಇಲ್ಲದಾಗ ಅಕ್ಕಾರು ಕೊಡ್ತಾರ. ಸಂಜಿಗೆ ಅಣ್ಣಾರು ಅಂಗಡಿಗೆ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ. ಹಬ್ಬ ಆದಮ್ಯಾಲ ನಮ್ದು ಇದೇ ತಕರಾರು ನೋಡ್ರಿ."

ಅಂದರೆ ಊರಿನಲ್ಲಿ ಇಂಥ ಅಣ್ಣಂದಿರು ಇನ್ನೂ ಇದ್ದಾರೆ! ಅದರಿಂದ ಸಮಾಧಾನವೇನೂ ಆಗಲಿಲ್ಲ. ಸಂಜೆ ಮನೆಗೆ ಬಂದ ನನ್ನ ಗಂಡನಿಗೆ ಯಾರು ಹೇಳಿದರೋ, "ಆ ಗುಜರಿಯವನಿಗಿರೋ ಬುದ್ಧಿ ನಿನಗಿಲ್ಲ ನೋಡು" ಎಂದರು. ನಾನೂ ಸುಮ್ಮನಿರಲಿಲ್ಲ. ನಿಮ್ಮ ಅವ್ವನಿಗಿಂತ ಆ ಕೂಲರ್ ಹೆಚ್ಚಾಯಿತೇನು ಎಂದೆ. ಅನ್ನಬಾರದಿತ್ತು. ಊಟದ ತಟ್ಟೆಯ ಮುಂದೆ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದಾಗ ಭಾವನ ಫೋನು ಬಂತು. "ಅವ್ವನ ಕಾಲು ಬಗ್ಗವಲ್ದು. ರಾತ್ರೆಲ್ಲಾ ನರಳ್ತಾಳ. ನಾಳೇನ ಕರ್ಕೊಂಡ್ ಬರ್ತೀನಿ."

ಅವರು ಫೋನು ಇಟ್ಟು ಕೈ ತೊಳೆದುಕೊಂಡರು. ಒಂದು ಬಟ್ಟೆ ಒದ್ದೆ ಮಾಡಿಕೊಂಡು ಕೋಣೆಗೆ ಹೋದರು. ಹಿಂದೆಯೇ ಹೋಗಿ ನೋಡಿದೆ. ಮೊದಲು ಕೂಲರಿಗೆ ಕೈ ಮುಗಿದರು, ಆಮೇಲೆ ಅದರ ವಿಭೂತಿ ಒರೆಸಿದರು. "ಒಂದು ಬ್ಯಾಸಿಗ್ಯಾಗ ಅವ್ವ ಬಿಸಲಿಗೆ ತಲಿ ತಿರುಗಿ ಬಿದ್ದಿದ್ಲಲ್ಲ, ಅವಾಗ ತಂದಿದ್ದು ಇದು" ಎಂದರು, ನನಗಲ್ಲ, ಕೂಲರಿಗೆ. ಮೋಟಾರು ಒರೆಸುವಾಗ ಅಪ್ಪನ ಹೊಲದ ಮಾತು ಬಂತು. ಇಷ್ಟು ದಿನ ನಾನು ಬೈದದ್ದೆಲ್ಲ ಬರೀ ಕಬ್ಬಿಣಕ್ಕಲ್ಲ ಅನಿಸಿ, ನನಗೆ ನಿಜವಾಗಿ ದುಃಖವಾಯಿತು. ಆದರೆ ನನ್ನ ಸ್ವಭಾವ ನೋಡಿ: ಅವರು ಒರೆಸಿದ ಒದ್ದೆ ಬಟ್ಟೆಯನ್ನು ಅಲ್ಲೇ ನೆಲದ ಮೇಲೆ ಬಿಟ್ಟಿದ್ದರು, ನನ್ನ ಕಣ್ಣು ಅದರ ಮೇಲೆಯೇ ಇತ್ತು.

ಬೆಳಿಗ್ಗೆ ಗುಜರಿಯವನು ಬಂದು, ಅಣ್ಣಾರು ಎದುರಿಗಿದ್ದಾರೆಂದು ಖಾತ್ರಿ ಮಾಡಿಕೊಂಡು, ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋದ. ಕೋಣೆ ತೊಳೆದೆ, ಮತ್ತೆ ತೊಳೆದೆ. ಮಂಚ ಹಾಕಿ ಬಿಳಿ ಹಾಸಿಗೆ ಹಾಸಿದೆ. ಮಧ್ಯಾಹ್ನ ಭಾವ ಕಾರಿನಲ್ಲಿ ಅತ್ತೆಯನ್ನು ಕರೆತಂದಾಗ ನನ್ನ ಸಂಭ್ರಮ ಹೇಳತೀರದು. ಅವರು ಚಹಾ ಕುಡಿಯುವಷ್ಟರಲ್ಲಿ ಅವರ ಸೀರೆಗಳು ಅಲಮಾರಿ ಸೇರಿದವು, ಗುಳಿಗೆಗಳು ಡಬ್ಬಿ ಸೇರಿದವು, ಚಪ್ಪಲಿ ಬಾಗಿಲ ಹೊರಗೆ ಜೋಡಿಯಾಗಿ ನಿಂತವು. ಅತ್ತೆ ಸುತ್ತ ನೋಡಿದರು.

"ಇಲ್ಲೊಂದು ಕೂಲರ್ ಇತ್ತಲ್ಲೋ ತಮ್ಮಾ?"

"ಗುಜರಿಗೆ ಹೋತಬೇ" ಎಂದರು ಮಗ. "ಅದು ಓಡ್ತಿದ್ದಿಲ್ಲಲ್ಲ." ವಿಭೂತಿ ಒರೆಸಿದ ಕತೆಯನ್ನೂ ಹೇಳಿದರು, ತಮ್ಮ ಕಡೆಯ ವಾದದ ಸಮೇತ.

ಅತ್ತೆ ಹೂಂ ಎಂದು ಲೋಟ ಕೆಳಗಿಟ್ಟು, ಬಚ್ಚಲಿಗೆ ಹೋಗಲು ಎದ್ದೇಳಬೇಕೆಂದು ಮಂಚದ ಪಕ್ಕ ಕೈಯಾಡಿಸಿದರು. ಆ ಕಡೆ ಆಡಿಸಿದರು, ಈ ಕಡೆ ಆಡಿಸಿದರು. ಊರಿಕೊಳ್ಳುವ ಕೋಲು ಇರಲಿಲ್ಲ. ಎಲ್ಲರೂ ಹುಡುಕಿದರು, ನಾನೂ ಹುಡುಕಿದೆ. ಕೊನೆಗೆ ನನಗೇ ನೆನಪಾಯಿತು. ಮಂಚಕ್ಕೆ ಓರೆಯಾಗಿ ಒರಗಿತ್ತು ಅಂತ ಅದನ್ನು ಒಯ್ದು ಪಡಸಾಲೆಯಾಚೆ, ಛತ್ರಿಗಳ ಜೊತೆಗೆ ಸಾಲಾಗಿ ನಿಲ್ಲಿಸಿದ್ದೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ತಮ್ಮಾ, ಆ ವಿಭೂತಿ ಗಟ್ಟಿ ಇತ್ತಾಗ ತಗೊಂಡ್ ಬಾ. ನನ್ನ ಹಣಿಗೂ ಒಂದೀಟು ಹಚ್ಚಿಬಿಡು. ಓಡಲಾರದ ಸಾಮಾನು ನಾನೂ ಅದೀನಿ. ನಿನ್ನ ಹೇಣ್ತಿ ಕೈ ಭಾಳ ಚುರುಕೈತಿ" ಎಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಾರೆಂದು ಹೇಳಬೇಕಾಗಿಲ್ಲ. ನಾನೂ ನಗುತ್ತಲೇ ಕೋಲು ತಂದು ಕೊಟ್ಟೆ, ಆದರೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು.

ಈಗ ಅತ್ತೆಯ ಕಾಲು ಚೂರು ಚೂರೇ ಬಗ್ಗುತ್ತಿದೆ. ಮಧ್ಯಾಹ್ನ ಮಲಗುವಾಗ ಅವರು ಕೋಲನ್ನು ಹೊದಿಕೆಯೊಳಗೇ ಇಟ್ಟುಕೊಂಡು, ಅದರ ಮೇಲೊಂದು ಕೈ ಹಾಕಿಕೊಂಡು ಮಲಗುತ್ತಾರೆ. ಹೊದಿಕೆ ಅಲ್ಲಿ ಉಬ್ಬಿ, ಸುಕ್ಕಾಗಿ, ಒಂದು ತುದಿ ನೆಲಕ್ಕೆ ಜೋತುಬಿದ್ದಿರುತ್ತದೆ. ರಜೆಯಿದ್ದ ದಿನ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಆ ತುದಿಯನ್ನು ನೋಡುತ್ತಿರುತ್ತೇನೆ. ಅತ್ತೆ ಕಣ್ಣು ತೆರೆಯದೆಯೇ, "ಹೋಗವ್ವಾ, ಮ್ಯಾಲ ಏನರ ಹಸನು ಮಾಡ್ಹೋಗು" ಎನ್ನುತ್ತಾರೆ. ಅಷ್ಟು ಹೇಳಿಸಿಕೊಂಡರೆ ಸಾಕು, ನಾನು ಅರ್ಧ ಮೆಟ್ಟಿಲು ಹತ್ತಿರುತ್ತೇನೆ.