ಎಡಗಡೆ ಸ್ಪೀಕರಿನ ಮೌನವ್ರತ

ಮನೆಯಲ್ಲಿ ಏನಾದರೂ ಕೆಟ್ಟರೆ ನನಗೆ ಆ ವಸ್ತುವಿನ ಮೇಲೆ ಸಿಟ್ಟು ಬರುವುದಿಲ್ಲ. ಅದರ ಬಗ್ಗೆ ಸಲಹೆ ಕೊಡುವವರ ಮೇಲೆ ಬರುತ್ತದೆ. ನಮ್ಮ ಸ್ಟೀರಿಯೋದ ಎಡಗಡೆ ಸ್ಪೀಕರ್ ಮಾತು ನಿಲ್ಲಿಸಿದ್ದೇ ತಡ, ಅಜ್ಜಂಪುರದಲ್ಲಿ ಇಷ್ಟೊಂದು ಎಂಜಿನಿಯರುಗಳಿದ್ದಾರೆಂದು ತಿಳಿಯಿತು. ಹಾಲಿನವನು "ಇಲಿ ವೈರ್ ಕಡಿದಿರ್ತದೆ ಕಣ್ರೀ" ಎಂದ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಅರ್ಥಿಂಗ್ ಸರಿಯಿಲ್ಲ ಎಂದರು. ಅವರ ಮನೆಯಲ್ಲಿ ಮಿಕ್ಸಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ನಾನು ವೈರು ಬದಲಿಸಿದೆ, ಪಿನ್ನು ಉಜ್ಜಿದೆ. ಅದು ಉಸಿರೆತ್ತಲಿಲ್ಲ.

ಬರೀ ಹಾಡಿನ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಅಪ್ಪ ವಚನ ಹಾಡಿರುವ ಒಂದು ಕ್ಯಾಸೆಟ್ ಇದೆ. ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರಿಂದ ಅವರ ದನಿ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಭಾನುವಾರ ಅವರ ಪುಣ್ಯಸ್ಮರಣೆ. ಅದನ್ನು ಕೇಳಲೆಂದೇ ಪಂಚನಹಳ್ಳಿಯಿಂದ ತಂಗಿ ಬರುವವಳಿದ್ದಳು. ಈಗ ಹಾಕಿದರೆ ಬರೀ ಹಾರ್ಮೋನಿಯಂ.

ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರೀಕೆರೆಗೆ ಹೋದೆ. ರಿಪೇರಿಯವನು ತನ್ನ ಸೆಟ್ಟಿಗೆ ಸಿಕ್ಕಿಸಿದ. ದರಿದ್ರದ್ದು, ಬೀದಿಗೆಲ್ಲ ಕೇಳುವಂತೆ ಹಾಡಿತು.

"ಇದಕ್ಕೇನೂ ಆಗಿಲ್ಲ ಸಾರ್. ಆಂಪ್ಲಿಫೈಯರ್ ತರ್ಬೇಕಿತ್ತು" ಅಂದ.

"ಅದನ್ನ ನಮ್ಮನೇಲಿ ನನ್ನ ಬಿಟ್ಟು ಯಾರೂ ಮುಟ್ಟಲ್ಲ ಕಣ್ರೀ. ಅದು ಹೆಂಗೆ ಕೆಡುತ್ತೆ?" ಎಂದು ರೇಗಿ, ಅವನಿಗೆ ಕೆಲಸವೇ ಬರುವುದಿಲ್ಲವೆಂದು ನಾಲ್ಕು ಜನ ಕೇಳುವಂತೆ ಹೇಳಿ ಬಂದೆ. ಮನೆಗೆ ಬಂದು ಸಿಕ್ಕಿಸಿದರೆ ಮತ್ತೆ ಮೌನ.

ಭಾನುವಾರ ತಂಗಿ ಬಂದವಳೇ ಆಂಪ್ಲಿಫೈಯರಿನ ಮುಂದೆ ಕೂತಳು. ಆಯುಧಪೂಜೆಯ ವಿಭೂತಿ ಇನ್ನೂ ಅದರ ಮೇಲಿತ್ತು. ಗುಂಡಿಗಳ ಮೇಲೆಲ್ಲ ಅಡ್ಡಡ್ಡ ಮೂರು ಪಟ್ಟೆ. ಒಂದರ ಮೇಲೆ ಮಾತ್ರ ಓರೆ.

"ಇದ್ಯಾವ್ದಣ್ಣ?"

"ಬ್ಯಾಲೆನ್ಸ್. ಎಡಕ್ಕೆಷ್ಟು, ಬಲಕ್ಕೆಷ್ಟು ಸದ್ದು ಹೋಗ್ಬೇಕು ಅಂತ..." ಎನ್ನುತ್ತಿದ್ದವನು ಅಲ್ಲಿಗೇ ನಿಂತೆ.

ಅವಳು ಸೆರಗಿನಿಂದ ಒರೆಸಿದಳು. ವಿಭೂತಿಯಡಿ ಮುಚ್ಚಿಹೋಗಿದ್ದ ಗುರುತು ಪೂರ್ತಿ ಬಲಕ್ಕೆ ತಿರುಗಿತ್ತು.

"ಅತ್ಗೆ, ಪೂಜೆ ಯಾರು ಮಾಡಿದ್ದು?"

ನನ್ನ ಹೆಂಡತಿ ನನ್ನ ಬಲಗೈ ಹಿಡಿದೆತ್ತಿ ತೋರಿಸಿದಳು. ವಿಭೂತಿ ಒತ್ತಿ ಎಳೆದ ಮೂರು ಬೆರಳೂ ನನ್ನವೇ.

ತಂಗಿ ಗುಂಡಿಯನ್ನು ನಡುವಿಗೆ ತಂದು, ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದಳು. ನಾನು ಪ್ರತಿ ವರ್ಷ ಶುರುವಿನ ಭಾಗ ದಾಟಿಸಿಯೇ ಹಾಕುತ್ತಿದ್ದೆ. ಅವಳಿಗೆ ಅದು ಗೊತ್ತಿಲ್ಲ. ಎಡಗಡೆಯಿಂದ ಅಪ್ಪ ಗಂಟಲು ಸರಿಮಾಡಿಕೊಂಡರು. ನನ್ನ ಕಣ್ಣು ತುಂಬಿತು. ಆವತ್ತು ರೆಕಾರ್ಡ್ ಮಾಡಲು ಕೂತಿದ್ದವನು ನಾನು. ಹಾಡಿಗೂ ಮೊದಲು ಅಪ್ಪ ಸ್ಪಷ್ಟವಾಗಿ ಹೇಳಿದರು:

"ಲೇ, ಆ ಗುಂಡಿ ಮುಟ್ಬೇಡ ಕಣೋ. ನೀನೇ ಕೆಡಿಸ್ತೀಯ, ಆಮೇಲೆ ಊರೋರ್ನೆಲ್ಲ ಬೈತೀಯ."