ಎಲ್ಲಿ ಮುಟ್ಟಿದೆ, ಹೇಳ್ರಿ

ಹೊಸದುರ್ಗದ ಕ್ಯಾಂಪಿನಲ್ಲಿ ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಜೀಪು ಹೊಳಲ್ಕೆರೆ ದಾಟುವಷ್ಟರಲ್ಲಿ ನಿಂತುಬಿಡಬಹುದು. ನಿಲ್ಲದಿದ್ದರೆ, ಬೇಕಾದಾಗಲೂ ನಿಲ್ಲದೆ ಹೋಗಬಹುದು. ಮಾತ್ರೆಯ ಡಬ್ಬಿ ಆಫೀಸಿನಲ್ಲೇ ಉಳಿಯಬಹುದು. ಊರಿನವರು ನಮ್ಮನ್ನು ಸಂತಾನಹರಣ ಚಿಕಿತ್ಸೆಯವರೆಂದು ತಿಳಿದು ಹೊಲಕ್ಕೆ ಓಡಬಹುದು. ಓಡದೆ ಕಲ್ಲು ಹಿಡಿದು ನಿಲ್ಲಲೂಬಹುದು. ನಾಯಿಗಳಂತೂ ಇದ್ದೇ ಇವೆ. ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಹೋಟೆಲಿನಲ್ಲಿ ಬಡಿಸುವವನು ನನ್ನ ಎಡತೋಳಿನ ಮೇಲೆ ಸಾಂಬಾರು ಚೆಲ್ಲಿದ.

ಅಷ್ಟಕ್ಕೆ ಇಷ್ಟು ಗೋಳೇ ಎನ್ನಬೇಡಿ. ಪಕ್ಕದಲ್ಲಿ ಕೂತಿದ್ದವರು ನಮ್ಮ ಮೇಲ್ವಿಚಾರಕರು! ಅವರೆದುರು ತೂಕಡಿಸಬಹುದಿತ್ತು, ಫೈಲು ಕಳೆಯಬಹುದಿತ್ತು. ತೋಳು ಮಾತ್ರ ತೋರಿಸುವಂತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮದು ಚಿತ್ರದುರ್ಗದ ಬಾಡಿಗೆ ಮನೆಯೊಂದರಲ್ಲಿದ್ದ, ಕುಷ್ಠರೋಗ ನಿಯಂತ್ರಣದ ಪುಟ್ಟ ಸರ್ಕಾರಿ ಘಟಕ. ನಾನು ಗುಮಾಸ್ತ. ಮೇಲ್ವಿಚಾರಕರ ಕೆಲಸ ಊರೂರು ತಿರುಗಿ ಜನರ ಮೈಮೇಲೆ ಬಿಳಿಚಿದ ಮಚ್ಚೆ ಹುಡುಕುವುದು. ಸಿಕ್ಕರೆ ಕಣ್ಣು ಮುಚ್ಚಿಸಿ, ಕೋಳಿಗರಿಯಿಂದ ಸವರಿ, "ಎಲ್ಲಿ ಮುಟ್ಟಿದೆ, ಹೇಳ್ರಿ" ಎನ್ನುವುದು. ಹೇಳಿದರೆ ಬಚಾವು. ಹೇಳದಿದ್ದರೆ ಅಲ್ಲಿ ಸ್ಪರ್ಶ ಸತ್ತಿದೆ ಎಂದರ್ಥ, ಮಾತ್ರೆ ಶುರು. ಸರ್ಕಾರ ಇದನ್ನು ಆಫೀಸಿನ ವೇಳೆಯಲ್ಲಿ ಮಾಡಿ ಎಂದಿತ್ತು. ಇವರಿಗೆ ಬೇರೆ ವೇಳೆಯೊಂದು ಇದೆ ಎಂಬುದೇ ತಿಳಿದಿರಲಿಲ್ಲ.

ಹಿರಿಯೂರು ಬಸ್ಸಿನಲ್ಲಿ ಕಂಡಕ್ಟರ ಕಂಬಕ್ಕೊರಗಿ ಕಣ್ಣು ಮುಚ್ಚಿದನೋ, ಅವನೇ ಹರಿದುಕೊಟ್ಟ ಟಿಕೀಟಿನ ಅಂಚು ಅವನದೇ ಮೊಣಕೈಗೆ. ಆ ದಾರಿಯ ಕಂಡಕ್ಟರುಗಳಿಗೆ ಅಭ್ಯಾಸವಾಗಿ, ಕಣ್ಣು ತೆರೆಯದೆಯೇ "ಮೊಣಕೈ ಸಾರ್" ಎಂದು ನಿದ್ದೆ ಮುಂದುವರಿಸುತ್ತಿದ್ದರು.

ಹೊಳಲ್ಕೆರೆಯ ಮದುವೆಯೊಂದರಲ್ಲಿ ಮದುಮಗ ಭಕ್ತಿಯಿಂದ ಕಣ್ಣು ಮುಚ್ಚಿ ಕೂತಿದ್ದ. ಇವರು ಬಿಡುತ್ತಾರೆಯೇ? ಹಿಂದಿನಿಂದ ಬಗ್ಗಿ, ವೀಳ್ಯದೆಲೆಯ ತೊಟ್ಟಿನಿಂದ ಕತ್ತು ಸವರಿ, ಪ್ರಶ್ನೆ ಕೇಳಿಯೇಬಿಟ್ಟರು. ಇದೂ ಒಂದು ಶಾಸ್ತ್ರವೆಂದುಕೊಂಡ ಅವನು ಮುಗಿದ ಕೈ ಬಿಡದೆ "ಕತ್ತಿನ ಹಿಂದೆ" ಎಂದ. ಗಂಡಿನವರು ಇದು ಹೆಣ್ಣಿನ ಕಡೆಯ ಪದ್ಧತಿಯೆಂದೂ ಹೆಣ್ಣಿನವರು ಗಂಡಿನ ಕಡೆಯದೆಂದೂ ತಿಳಿದು ಸುಮ್ಮನಿದ್ದರು. ಪುರೋಹಿತರಂತೂ ಮದುಮಗಳಿಗೂ ಆಗಲೆಂದು ಮಂತ್ರ ನಿಲ್ಲಿಸಿ ಕಾದರು!

ಇಂಥವರ ಆಫೀಸಿನಲ್ಲಿ, ನಲವತ್ತು ದಾಟಿದ ನನ್ನ ಎಡತೋಳಿನ ಮೇಲೆ ಎಂಟಾಣೆಯಗಲದ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡಿತು. ಬರೀ ಚಿಬ್ಬು, ನಿಂಬೆಹಣ್ಣು ಉಜ್ಜಿ ಎಂದಳು ಹೆಂಡತಿ. ನಾನು ನಂಬುವವನೇ? "ಈ ರೋಗಕ್ಕೆ ಹೆದರಬೇಕಿಲ್ಲ, ಔಷಧಿಯಿದೆ" ಎಂದು ದಿನಾ ಟೈಪು ಮಾಡುತ್ತಿದ್ದವನು ನಾನೇ. ಓದಿ ಧೈರ್ಯ ತಂದುಕೊಂಡವರು ಬೇರೆಯವರು. ಕದ ಹಾಕಿಕೊಂಡು ನಾನೇ ಮುಟ್ಟಿ ನೋಡಿಕೊಂಡೆ. ಗೊತ್ತಾಯಿತು. ಆದರೆ ಗೊತ್ತಾದದ್ದು ತೋಳಿಗೋ, ಬೆರಳಿಗೋ? ರೋಗವೇ ಆಗಿದ್ದರೆ ಮನೆ ಮಾಲೀಕ ಏನೆನ್ನುತ್ತಾನೆ, ಮಗಳನ್ನು ಯಾರು ಕೇಳಿಕೊಂಡು ಬರುತ್ತಾರೆ? ಅಂದಿನಿಂದ ದುರ್ಗದ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಟ್ಟೆ. ಆ ತೋಳಿನ ಮೇಲೆಯೇ ಸಾಂಬಾರು ಬಿದ್ದದ್ದು.

ಮೇಲ್ವಿಚಾರಕರು ನನ್ನನ್ನು ಹೋಟೆಲಿನ ಹಿತ್ತಲಿಗೆ ಎಳೆದೊಯ್ದು, ಅಂಗಿಯ ತೋಳು ಮಡಚಿ, ತೊಟ್ಟಿಯ ನೀರು ಹೊಯ್ದರು. ಹೊಯ್ಯುತ್ತಿದ್ದ ಚೊಂಬು ನಡುವೆ ನಿಂತಿತು.

"ಯಾವಾಗಿಂದ ಐತ್ರಿ ಇದು?"

ಯುಗಾದಿಯಿಂದ ಎಂದೆ.

"ಕಣ್ ಮುಚ್ರಿ."

ಮುಚ್ಚಿದೆ. ಕಾದೆ. ಏನೂ ತಿಳಿಯಲಿಲ್ಲ. ಮತ್ತಷ್ಟು ಕಾದೆ.

"ಸಾರ್, ಮುಟ್ಟಿದ್ರಾ?"

"ಇನ್ನೂ ಇಲ್ರಿ. ಗರಿ ಜೀಪಲ್ಲೈತೆ. ಪೊರಕೆ ಕಡ್ಡಿ ಮುರೀತಿದೀನಿ, ತಡೀರಿ."

ಆಮೇಲೆ ಮುಟ್ಟಿದರು. ಮಚ್ಚೆಯ ನಡುವೆ, ಅಂಚಿನಲ್ಲಿ, ಮತ್ತೆ ನಡುವೆ. ಪ್ರತಿ ಸಲವೂ ಹೇಳಿದೆ. ಮುಟ್ಟದಿದ್ದಾಗಲೂ ಒಂದು ಸಲ ಹೇಳಿದೆನಂತೆ.

"ಚಿಬ್ಬು ಕಣ್ರಿ. ಸುಮ್ಮನೆ ಅಂಗಿ ಒಳಗೆ ಬೆಂದ್ರಿ."

ನಾನು ತೋಳಿಳಿಸುತ್ತಿದ್ದಂತೆ ಅವರು ಅತ್ತಿತ್ತ ನೋಡಿ, ತಮ್ಮ ಅಂಗಿಯ ಗುಂಡಿ ಬಿಚ್ಚಿ, ಒಗೆಯುವ ಕಲ್ಲಿನ ಮೇಲೆ ನನಗೆ ಬೆನ್ನು ಮಾಡಿ ಕೂತರು.

"ಗುಮಾಸ್ತ್ರೇ, ನನ್ ಬೆನ್ನು ಒಂದೀಟು ನೋಡ್ತೀರಾ? ಅವ್ಳು ಇದ್ದಾಗ ಅವ್ಳೇ ನೋಡ್ತಿದ್ಲು."

ಅವರ ಹೆಂಡತಿ ತೀರಿಕೊಂಡದ್ದು ನಾನು ಆ ಆಫೀಸಿಗೆ ಸೇರುವುದಕ್ಕೂ ಎಷ್ಟೋ ಮುಂಚೆ.

ಬಿಸಿಲು ಬೀಳುವಂತೆ ಪಕ್ಕಕ್ಕೆ ನಿಂತು ನೋಡಿದೆ. ಮಚ್ಚೆಯೇನೂ ಇರಲಿಲ್ಲ. ಏನಿಲ್ಲ ಸಾರ್, ಏಳಿ ಎನ್ನಬಹುದಿತ್ತು. ಆದರೆ ಅವರು ಆಗಲೇ ಕಣ್ಣು ಮುಚ್ಚಿ ಕಾಯುತ್ತಿದ್ದರು. ಒದ್ದೆಯಾಗಿದ್ದ ಅಂಗೈಯನ್ನು ಒರೆಸಿಕೊಂಡು ಅವರ ಬೆನ್ನಿನ ಮೇಲಿಟ್ಟೆ.

"ನಡುಬೆನ್ನು," ಎಂದರು.

ನಾನು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮೆಲ್ಲಗೆ ಹೇಳಿದರು:

"ಇನ್ನೂ ಅಲ್ಲೇ ಐತೆ."